ಅವಳು ಮನೆಗೇಕೆ ಹೋಗಲಿಲ್ಲ

ಕಥೆ ನಡೆಯುವಾಗ ಎದ್ದು ಹೋಗಬಾರದು. ನನಗೆ ಇದನ್ನು ಕಲಿಸಿದವರು ನನ್ನ ಅಜ್ಜಿ. ಭೀಮನ ಅಮಾವಾಸ್ಯೆಯ ದಿನ ಪೂಜೆ ಮುಗಿದ ಮೇಲೆ ಎಲ್ಲರ ಕೈಗೂ ಒಂದಿಷ್ಟು ಅಕ್ಷತೆ ಕೊಡುತ್ತಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಥೆ ಕೇಳಬೇಕು, ಮುಗಿದ ಮೇಲೆ ದೇವರ ಮೇಲೆ ಹಾಕಿ ನಮಸ್ಕಾರ ಮಾಡಬೇಕು. ನಡುವೆ ಎದ್ದರೆ ಪೂಜೆಯೂ ಅರ್ಧವೇ. ಅಜ್ಜಿ ಪುಸ್ತಕ ನೋಡದೆ ಮುಕ್ಕಾಲು ಗಂಟೆ ಹೇಳುತ್ತಿದ್ದರು. ಮುಗಿಯುವ ಹೊತ್ತಿಗೆ ನಮ್ಮ ಅಂಗೈ ಬೆವತು ಹಳದಿಯಾಗಿರುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಒಂದು ಸಲವೂ ಎದ್ದವಳಲ್ಲ.

ಹೋದ ಮಾರ್ಚಿನಲ್ಲಿ ವೆಸ್ಟ್‌ಮಂಟಿನ ನಮ್ಮ ಮನೆಯಲ್ಲಿ, ನಮ್ಮ ಸೋಫಾದ ಮೇಲೆ, ಅದೇ ಕಥೆ ನಡೆಯುತ್ತಿರುವಾಗ ಎರಡು ಸಲ ಎದ್ದೆ.

ಹೇಳುತ್ತಿದ್ದವಳು ನನ್ನ ಮಗಳು. ಬಾಯಲ್ಲಲ್ಲ, ಟಿವಿಯಲ್ಲಿ. ಡೆಟ್ರಾಯ್ಟ್ ಕಡೆಯ ಒಂದು ಕಾಲೇಜಿನಲ್ಲಿ ಅವಳು ಆನಿಮೇಷನ್ ಓದುತ್ತಿದ್ದಳು, ಅದು ಕೊನೆಯ ವರ್ಷ. ನಮ್ಮಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಲಿವೋನಿಯಾದಲ್ಲಿ ಸ್ನೇಹಿತೆಯ ಜೊತೆ ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದಳು. ಓದು ಮುಗಿಸಲು ಪ್ರತಿಯೊಬ್ಬರೂ ಎಂಟು ನಿಮಿಷದ ಒಂದು ಚಿತ್ರ ಮಾಡಿ ಮೇ ತಿಂಗಳಲ್ಲಿ ಎಲ್ಲರೆದುರು ತೋರಿಸಬೇಕು. ಕೆಲಸ ಕೊಡುವವರೂ ಅದನ್ನೇ ನೋಡುತ್ತಾರಂತೆ. ಇವಳು ಆರಿಸಿಕೊಂಡದ್ದು ಭೀಮನ ಅಮಾವಾಸ್ಯೆಯ ಕಥೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಇದನ್ನು ಆರಿಸಿಕೊಂಡಳು ಎಂದು ಗೊತ್ತಾದ ದಿನ ನಾನು ದೇವರ ಮುಂದೆ ಎರಡು ತುಪ್ಪದ ದೀಪ ಹಚ್ಚಿದ್ದೆ. ಇಷ್ಟು ಕೊಟ್ಟೆಯಲ್ಲಪ್ಪಾ, ಸಾಕು ಎಂದು.

ಚಿತ್ರ ಬಹಳ ಚೆಂದವಿತ್ತೆಂದು ಹೇಳಿದರೆ ಸುಳ್ಳಾಗುವುದಿಲ್ಲ. ಕಡು ನೀಲಿ ಹೊಳೆ, ರೇಷ್ಮೆ ಸೀರೆ ಝಾಡಿಸಿದ ಹಾಗೆ ಅಲೆ. ಮಳೆಯ ಒಂದೊಂದು ಹನಿಯನ್ನೂ ಕೈಯಲ್ಲೇ ಬರೆದಿದ್ದಾಳಂತೆ, ಅದಕ್ಕೇ ಎರಡು ತಿಂಗಳು ಹಿಡಿಯಿತಂತೆ. ಸಂಗೀತ ಅವಳ ಕಾಲೇಜಿನ ಗೆಳತಿಯದು. ವೀಣೆಯ ಜೊತೆ ಇನ್ನೇನೋ ಆಳವಾಗಿ ಗುಂಯ್‌ಗುಡುವ ಸದ್ದು ಸೇರಿಸಿದ್ದಳು, ಎದೆಯೊಳಗೇ ನುಡಿಸಿದ ಹಾಗಿತ್ತು. ಹೊಳೆಯ ದಡದಲ್ಲಿ ಹುಡುಗಿ ಕೂತಿದ್ದಾಳೆ. ಪಕ್ಕದಲ್ಲಿ ರಾಜಕುಮಾರ ಮಲಗಿದ್ದಾನೆ. ಮಳೆ ಬರುತ್ತದೆ. ಹುಡುಗಿ ಮಣ್ಣಿನಲ್ಲಿ ದೀಪ ಮಾಡುತ್ತಾಳೆ. ಶಿವ ಪಾರ್ವತಿ ಬರುತ್ತಾರೆ. ರಾಜಕುಮಾರ ಏಳುತ್ತಾನೆ. ಮುಗಿಯಿತು.

ಮಳೆ ಬಂದಾಗ ನಾನು ಕುಕ್ಕರ್ ನೋಡಿ ಬರುತ್ತೇನೆಂದು ಎದ್ದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ಎರಡನೆಯ ಸಲ ಎದ್ದದ್ದು ಕಿಟಕಿಯ ಪರದೆ ಸರಿಪಡಿಸಲು. ಕೂತಲ್ಲಿ ಕೂರಲಾಗಲಿಲ್ಲ. ಪಕ್ಕದಲ್ಲಿ ನಮ್ಮ ಯಜಮಾನರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಯಾರದೋ ಮನೆಯ ಮದುವೆ ಆಲ್ಬಮ್ ನೋಡುತ್ತಿರುವ ಹಾಗಿತ್ತು. ಸೀರೆ ಚೆಂದ, ಒಡವೆ ಚೆಂದ, ಯಾರು ಯಾರಿಗೆ ಏನಾಗಬೇಕೋ ಗೊತ್ತಿಲ್ಲ.

ತೋರಿಸಲೆಂದೇ ಮನೆಗೆ ಬಂದಿದ್ದ ಮಗಳು, ಹೇಗಿದೆ ಎಂದು ಕೇಳಿದಳು. ತುಂಬಾ ಚೆನ್ನಾಗಿದೆ ಪುಟ್ಟಿ ಎಂದೆ.

ಇದನ್ನು ಯಾಕೆ ಇಷ್ಟು ದೊಡ್ಡದು ಮಾಡುತ್ತೇನೆಂದು ನಿಮಗೆ ಅನ್ನಿಸಬಹುದು. ನಮ್ಮ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿ ಊಟದಲ್ಲಿ ಬಿಸಿಬೇಳೆಬಾತಿಗೆ ಉಪ್ಪು ಕಡಿಮೆ ಎಂದು, ಮಾಡಿದಾಕೆಯ ಎದುರಿಗೇ ಹೇಳಿದವಳು ನಾನು. ಬೇರೆಯವರು ಎಲೆಯ ಮೇಲೆ ಸದ್ದಿಲ್ಲದೆ ಉಪ್ಪು ಬಡಿಸಿಕೊಳ್ಳುತ್ತಿದ್ದರು. ಬಾಯಿ ತಡೆಯುವುದಿಲ್ಲ, ದೇವರು ಕೊಟ್ಟ ಗುಣ ಅದು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಎದುರಿಗೆ ಅದೇ ಬಾಯಿ ಸುಳ್ಳು ಹೇಳಿತು. ಅವಳು ಖುಷಿಯಾಗಿ ಡಬ್ಬಿ ತುಂಬ ಚಟ್ನಿಪುಡಿ ತುಂಬಿಸಿಕೊಂಡು ಲಿವೋನಿಯಾಕ್ಕೆ ಹೊರಟುಹೋದಳು.

ಆಮೇಲೆ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಎಣಿಕೆ ತಪ್ಪುತ್ತಿತ್ತು. ಒಗೆದ ಬಟ್ಟೆಯನ್ನು ಮತ್ತೆ ಒಗೆಯಲು ಹಾಕಿದೆ. ಚಿತ್ರದಲ್ಲಿ ಏನೋ ಕಡಿಮೆ ಇದೆ, ಏನೆಂದು ಕೈಗೆ ಸಿಗುತ್ತಿಲ್ಲ. ಸಾರಿಗೆ ಏನು ಹಾಕಿಲ್ಲವೆಂದು ರುಚಿ ನೋಡಿ ಹೇಳಬಲ್ಲೆ. ಇದಕ್ಕೆ ಹೇಗೆ ರುಚಿ ನೋಡುವುದು?

ಏಪ್ರಿಲ್‌ನಲ್ಲಿ ಒಂದು ಗುರುವಾರ ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮಗಳ ಫೋನ್ ಬಂತು. ದನಿ ಕೇಳಿದ ಕೂಡಲೇ ಅತ್ತಿದ್ದಾಳೆಂದು ತಿಳಿಯಿತು. ಅವತ್ತು ತರಗತಿಯಲ್ಲಿ ಎಲ್ಲರ ಚಿತ್ರ ಹಾಕಿ ನೋಡಿದರಂತೆ. ಇವಳದು ಮುಗಿದ ಮೇಲೆ ಅವಳ ಟೀಚರ್, ಚಿತ್ರ ಬಹಳ ಸುಂದರ, ಸಂಗೀತ ಇನ್ನೂ ಸುಂದರ, ಆದರೆ ಈ ಹುಡುಗಿಗೆ ಏನಾದರೂ ನನಗೆ ಏನೂ ಅನ್ನಿಸುವುದಿಲ್ಲ ಎಂದರಂತೆ. ಹಿಂದಿನ ಸಾಲಿನ ಒಬ್ಬಳು, ಮಳೆ ಬರುತ್ತಿದೆಯಲ್ಲ, ಇವಳು ಎದ್ದು ಮನೆಗೆ ಯಾಕೆ ಹೋಗಬಾರದು ಎಂದು ಕೇಳಿದಳಂತೆ. ಎಲ್ಲರೂ ನಕ್ಕರಂತೆ. ನನ್ನ ಮಗಳು, ಇದು ನಮ್ಮ ಸಂಪ್ರದಾಯ ಎಂದಳಂತೆ. ಅದಕ್ಕೆ ಟೀಚರ್, ಅದು ಉತ್ತರವಲ್ಲ ಎಂದರಂತೆ. ಕೊನೆಯ ಪ್ರತಿ ಕೊಡಲು ಮೂರು ವಾರ ಉಳಿದಿತ್ತು.

"ಅಮ್ಮಾ," ಎಂದಳು, "ವೈ ಡಸಂಟ್ ಶಿ ಗೋ ಹೋಮ್?"

ಉತ್ತರ ನನಗೆ ತಕ್ಷಣ ಬಂತು. ಅದರ ಬೆನ್ನಿಗೇ, ಆ ಉತ್ತರವನ್ನು ಇವಳಿಗೆ ನಾನು ಈವರೆಗೂ ಹೇಳಿಲ್ಲ ಎನ್ನುವುದೂ ಬಂತು. ಸೊಪ್ಪಿನ ದಂಟು ಕೈಯಲ್ಲೇ ಉಳಿಯಿತು.

ಅದು ಶುರುವಾದಾಗ ಮಗಳಿಗೆ ಆರು ವರ್ಷ, ಮಗನಿಗೆ ಒಂಬತ್ತು. ಭೀಮನ ಅಮಾವಾಸ್ಯೆ ಬರುವುದು ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ. ಇಲ್ಲಿ ಅದು ಮಕ್ಕಳ ಬೇಸಿಗೆ ರಜೆ, ಹತ್ತೂವರೆಗೆ ಈಜಿನ ಕ್ಲಾಸು. ಮಗಳು ರೇಷ್ಮೆ ಲಂಗದ ಒಳಗೆ ಈಜುಡುಗೆ ಹಾಕಿಕೊಂಡೇ ಪೂಜೆಗೆ ಕೂರುತ್ತಿದ್ದಳು. ಮುಕ್ಕಾಲು ಗಂಟೆಯ ಕಥೆಗೆ ಎಲ್ಲಿಂದ ಹೊತ್ತು ತರಲಿ? ಅದು ಒಂದು ಕಾರಣ. ಇನ್ನೊಂದು, ಕಥೆಯಲ್ಲೇ ಇತ್ತು. ಆ ಹಬ್ಬದಲ್ಲಿ ಭಂಡಾರ ಒಡೆಯುವುದೆಂದು ಉಂಟು: ಹಿಟ್ಟಿನ ಕಡುಬಿನೊಳಗೆ ನಾಣ್ಯವಿಟ್ಟು ಹೊಸಿಲ ಮೇಲೆ ಇಡುತ್ತೇವೆ, ಮನೆಯ ಗಂಡುಮಕ್ಕಳು ಮೊಣಕೈಯಿಂದ ಗುದ್ದಿ ಒಡೆಯಬೇಕು. ನನ್ನ ಮಗ ಅದಕ್ಕಾಗಿಯೇ ತೋಳು ಮಡಿಸಿಕೊಂಡು ತಂಗಿಯ ಪಕ್ಕ ಕೂತಿರುತ್ತಿದ್ದ. ಕಥೆಯಲ್ಲೋ, ದುಡ್ಡಿನ ಆಸೆಗೆ ತಂಗಿಯನ್ನು ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಡುವವನು ಅವಳ ಸ್ವಂತ ಅಣ್ಣ. ನಗುತ್ತಾ ಕೂತ ಆ ಎರಡು ಮುಖಗಳ ಎದುರಿಗೆ ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ರಜೆ ಮುಗಿದು ಶಾಲೆಗೆ ಹೋಗಿ ಏನು ಹೇಳುತ್ತಾರೋ ಎನ್ನುವ ಅಂಜಿಕೆಯೂ ಇತ್ತು.

ಹಾಗಾಗಿ ಹಾರಿಸಿದೆ. ಒಂದೂರಿನಲ್ಲಿ ಒಬ್ಬಳು ಹುಡುಗಿ, ಅವಳ ಗಂಡ ರಾಜಕುಮಾರ, ಅವನಿಗೆ ಹುಷಾರಿಲ್ಲ, ಮಳೆ ಬಂತು, ಅವಳು ಹೊಳೆ ದಡದಲ್ಲೇ ಕೂತು ಮಣ್ಣಿನ ದೀಪ ಹಚ್ಚಿದಳು, ಶಿವ ಪಾರ್ವತಿ ಬಂದು ಗಂಡನನ್ನು ಎಬ್ಬಿಸಿದರು, ಹಾಕಿ ಅಕ್ಷತೆ, ನಡೀರಿ ಕಾರಿಗೆ. ನಾಲ್ಕು ನಿಮಿಷ. ಮಾರನೆಯ ವರ್ಷವೂ ಅದೇ. ಈಜಿನ ಕ್ಲಾಸು ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಅದೇ ನಾಲ್ಕು ನಿಮಿಷ. ನಾನು ಹಾರಿಸುತ್ತಿದ್ದೇನೆ ಎನ್ನುವುದು ನನಗೇ ಮರೆತುಹೋಗಿತ್ತು.

ನನ್ನ ಮಗಳು ನಾನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದಿದ್ದಳು. ನಾನು ಹಾರಿದ ಜಾಗದಲ್ಲೇ ಅವಳ ಚಿತ್ರವೂ ಹಾರಿತ್ತು.

ಫೋನಿನಲ್ಲಿ ಹೇಳಲಾಗಲಿಲ್ಲ. ಶನಿವಾರ ಬರುತ್ತೇವೆ ಎಂದಷ್ಟೇ ಹೇಳಿದೆ. ಯಜಮಾನರ ಆಫೀಸು ಇಟಾಸ್ಕಾದಲ್ಲಿ. ಆ ವಾರಾಂತ್ಯ ಅವರಿಗೆ ಏನೋ ಕೆಲಸವಿತ್ತು, ಕೇಳಿಕೊಂಡು ಬಿಡಿಸಿಕೊಂಡರು. ಅದು ಒಂದು ಉಪಕಾರ ಎಂದು ಬೆರಳು ಮಡಿಸಿದೆ. ಮನಸ್ಸು ಅಲ್ಲಾಡುವಾಗ ಹೀಗೆ ಎಣಿಸುವುದು ನನ್ನ ಅಭ್ಯಾಸ. ಬೆಳಿಗ್ಗೆ ಹಿಮ ಬೀಳಲಿಲ್ಲ, ಎರಡು. ಇಂಡಿಯಾನಾ ದಾಟುವವರೆಗೂ ದಾರಿಯಲ್ಲಿ ಲಾರಿಗಳ ಗದ್ದಲವಿರಲಿಲ್ಲ, ಮೂರು. ಮಿಶಿಗನ್ ಗಡಿ ಬಂದ ಕೂಡಲೇ, ಅಲ್ಲಿಯ ವೇಳೆಯೇ ಬೇರೆಯಾದ್ದರಿಂದ, ಗಡಿಯಾರ ಒಂದು ಗಂಟೆ ಮುಂದೆ ಹಾರಿತು. ಏನೂ ಮಾಡದೆ ಒಂದು ಗಂಟೆ ಹೋಯಿತಲ್ಲ ಎಂದು ಎಣಿಕೆ ಅಲ್ಲಿಗೇ ನಿಂತಿತು.

ಅರ್ಧ ದಾರಿಯಲ್ಲಿ, ಕಲಮಜೂ ಎನ್ನುವ ಊರಿನ ಹತ್ತಿರ, ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು, ಮ್ಯೂಸಿಕ್ಕು ಮಾತ್ರ ಫಸ್ಟ್‌ಕ್ಲಾಸ್ ಇತ್ತಪ್ಪ ಎಂದರು.

"ನೀವು ಅತ್ತಿದ್ದು ಮ್ಯೂಸಿಕ್‌ಗಾ, ಕಥೆಗಾ?"

"ಮಗಳು ಮಾಡಿದಾಳಲ್ಲಾ ಅಂತ ಅತ್ತಿದ್ದು ಕಣೆ," ಎಂದರು. "ಉಪ್ಪು ಕಡಿಮೆ ಅಂತ ಊರಿಗೆಲ್ಲಾ ಹೇಳ್ತೀಯ. ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು?"

ಉಳಿದ ದಾರಿಯೆಲ್ಲ ಸೀಟ್ ಬೆಲ್ಟನ್ನು ಎಳೆಯುತ್ತಾ ಬಿಡುತ್ತಾ ಕೂತೆ.

ನಾವು ಲಿವೋನಿಯಾ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಮಗಳು ತಲೆ ಬಾಚಿರಲಿಲ್ಲ. ಊಟದ ಮೇಜಿನ ತುಂಬ ಕಾಗದ, ಮೂರು ಕಾಫಿ ಲೋಟ. ನಾವು ತಂದ ಪುಳಿಯೋಗರೆಯನ್ನು ಡಬ್ಬಿಯಲ್ಲೇ ನಿಂತು ತಿಂದಳು. ಅವಳ ಅಪ್ಪ, ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆ ಎಂದು ಹೊರಗೆ ಹೋದರು. ಬೇಕೆಂದೇ ಹೋದರೆಂದು ನನಗೆ ಗೊತ್ತು.

ಆ ಹುಡುಗಿಗೆ ಹೋಗಲು ಮನೆಯೇ ಇರಲಿಲ್ಲ ಎಂದೆ. ಮನೆಯವರೇ ಅವಳನ್ನು ಕೊಟ್ಟುಬಿಟ್ಟಿದ್ದರು ಎಂದೆ. ಮಗಳು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅದು ಕಥೇಲಿ ಎಲ್ಲಿದೆ? ನೀನು ಯಾವತ್ತೂ ಹೇಳೇ ಇಲ್ವಲ್ಲ."

"ಬಿಟ್ಟುಬಿಡ್ತಿದ್ದೆ."

"ನೀನು ಎಡಿಟ್ ಮಾಡಿದ್ಯಾ? ಇಷ್ಟು ವರ್ಷ?"

"ಈಜಿಗೆ ಹೊತ್ತಾಗ್ತಿತ್ತು," ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಕೆಳಗಿಟ್ಟಳು. ಮಾರ್ಚ್‌ನಲ್ಲಿ ನೋಡಿದಾಗಲೇ ನಿನಗೆ ಗೊತ್ತಿತ್ತಾ ಎಂದು ಕೇಳಿದಳು.

"ಏನು ಕಡಿಮೆ ಅಂತ ಗೊತ್ತಿರ್ಲಿಲ್ಲ. ಕಡಿಮೆ ಇದೆ ಅಂತ ಗೊತ್ತಿತ್ತು."

"ಮತ್ತೆ ತುಂಬಾ ಚೆನ್ನಾಗಿದೆ ಅಂದೆ."

"ಮಳೆ ಚೆನ್ನಾಗಿತ್ತು ಪುಟ್ಟಿ."

ಒಂದು ತಿಂಗಳು, ಎಂದಳು ಇಂಗ್ಲಿಷಿನಲ್ಲಿ. ನೀನು ಅವತ್ತೇ ಹೇಳಿದ್ದರೆ ನನಗೆ ಇನ್ನೂ ಒಂದು ತಿಂಗಳು ಸಿಗುತ್ತಿತ್ತು. ಉಳಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆಂದು ಗೊತ್ತಿತ್ತು, ನೀನು ಮಾತ್ರ ನಿಜ ಹೇಳುತ್ತೀಯ ಎಂದುಕೊಂಡು ಅಷ್ಟು ದೂರ ತಂದು ತೋರಿಸಿದ್ದೆ. ಇಷ್ಟು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅವಳ ಅಪ್ಪ ಪೆಟ್ರೋಲ್ ಹಾಕಿಸಲು ಹೋಗದೆ ಕಾರಿನಲ್ಲೇ ಕೂತಿದ್ದರು.

ತಪ್ಪಾಯಿತು ಎಂದೆ. ಅಮ್ಮಂದಿರು ಈ ಮಾತನ್ನು ಹೇಳುವುದು ಕಡಿಮೆ, ನಾನಂತೂ ಅವಳಿಗೆ ಹೇಳಿದ್ದು ಅದೇ ಮೊದಲು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ಹುಡುಕಿದೆ. ಅರಿಶಿನದ ಡಬ್ಬಿ ನಾನೇ ಹಿಂದೆ ಕೊಟ್ಟದ್ದು, ಸೀಲು ಕೂಡ ಒಡೆದಿರಲಿಲ್ಲ. ಕಲಸಿ ತಂದು ಅವಳ ಕೈ ಬಿಡಿಸಿ ಹಾಕಿದೆ. ಹಬ್ಬವಲ್ಲ, ಪೂಜೆಯಿಲ್ಲ, ದೇವರು ಒಪ್ಪಿಕೊಳ್ಳುತ್ತಾನೋ ಇಲ್ಲವೋ. ಕೂತ್ಕೋ, ಪೂರ್ತಿ ಹೇಳ್ತೀನಿ ಎಂದೆ. ಕೂತಳು.

ಅಜ್ಜಿ ಹೇಳಿದ ಹಾಗೆಯೇ ಹೇಳಿದೆ. ತಂದೆತಾಯಿ ಕಾಶಿಗೆ ಹೊರಟರು. ಮಗಳನ್ನು ಮಗ ಸೊಸೆಯ ಕೈಗೆ ಒಪ್ಪಿಸಿ, ಜೋಪಾನ ಎಂದರು. ರಾಜನ ಮಗ ಸತ್ತ. ಮದುವೆಯಾಗದೆ ಸತ್ತವನನ್ನು ಹಾಗೇ ಸುಡಬಾರದೆಂದು ರಾಜ, ಹೆಣ್ಣು ಕೊಟ್ಟವರಿಗೆ ಬೇಕಾದಷ್ಟು ಹೊನ್ನು ಕೊಡುತ್ತೇನೆಂದು ಡಂಗುರ ಹೊಡೆಸಿದ. ಅಣ್ಣ ತಂಗಿಗೆ ಹೊಸ ಸೀರೆ ಉಡಿಸಿದ. ಎಲ್ಲಿಗೆ ಅಣ್ಣಾ ಎಂದರೆ, ಮದುವೆಗೆ ಎಂದ, ಯಾರ ಮದುವೆ ಎಂದು ಹೇಳಲಿಲ್ಲ. ಬಾಗಿಲು ದಾಟಿಸುವಾಗ ಅವಳ ಮುಖ ನೋಡಲಿಲ್ಲ.

ಇಲ್ಲಿ ಮಗಳು ತಡೆದಳು. ನಮ್ಮನೇಲಿ ಭಂಡಾರ ಒಡೆಯೋದು ಅಣ್ಣನೇ ಅಲ್ವಾ ಎಂದಳು. ಅದಕ್ಕೇ ಬಿಟ್ಟಿದ್ದು ಎಂದೆ. ಅವಳ ಮುಷ್ಟಿ ಬಿಗಿಯಾಯಿತು.

ಹೆಣದ ಕೈಯಿಂದ ಅವಳಿಗೆ ತಾಳಿ ಕಟ್ಟಿಸಿ ಹೊಳೆಯ ದಡಕ್ಕೆ ತಂದರು. ಚಿತೆ ಜೋಡಿಸುವಾಗ ಮಳೆ ಹೊಡೆಯಿತು. ಎಲ್ಲರೂ ಅವರವರ ಮನೆಗೆ ಓಡಿದರು. ಹುಡುಗಿ ಎಲ್ಲಿಗೆ ಓಡಬೇಕು? ಇದ್ದ ಒಂದು ಮನೆ ಅವಳನ್ನು ಮಾರಿತ್ತು, ಕೊಂಡವರ ಮನೆಗೆ ಅವಳು ಹೊಸಿಲು ದಾಟಿರಲಿಲ್ಲ. ಅವನ ಪಕ್ಕ ಕೂತಳು. ಮಳೆ ನಿಂತಾಗ ಅವತ್ತು ಅಮಾವಾಸ್ಯೆ ಎಂದು ನೆನಪಾಯಿತು. ಅಮ್ಮ ಪ್ರತಿ ವರ್ಷ ಈ ದಿನ ಎರಡು ದೀಪ ಹಚ್ಚುತ್ತಿದ್ದಳು. ಎಲ್ಲಿದ್ದರೂ ಇವತ್ತೂ ಹಚ್ಚಿರುತ್ತಾಳೆ. ಮಣ್ಣು ಕಲಸಿ ಎರಡು ದೀಪ ಮಾಡಿದಳು, ಗರಿಕೆಯ ಬೇರನ್ನು ಬತ್ತಿ ಮಾಡಿದಳು. ಮಣ್ಣಿನದೇ ಭಂಡಾರ ಮಾಡಿ ಮುಂದಿಟ್ಟುಕೊಂಡಳು. ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಬಂದು ಹತ್ತಿರ ಕೂತರು. ಯಾರಮ್ಮ ನೀನು, ಒಬ್ಬಳೇ ಯಾಕೆ, ಏನು ವ್ರತ ಎಂದು ಒಂದೊಂದಾಗಿ ಕೇಳಿದರು. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಕೊನೆಗೆ, ಭಂಡಾರ ಒಡೆಯುವವರು ಯಾರು ಎಂದು ಕೇಳಿದರು. ಅವಳು, ನನಗೆ ಅಣ್ಣ ಇಲ್ಲ ಎಂದಳು.

ಆಮೇಲೆ ಶಿವ ತನ್ನ ಕೈಯಿಂದಲೇ ಭಂಡಾರ ಒಡೆದದ್ದು, ಗಂಡ ಎದ್ದು ಕೂತದ್ದು, ಎಲ್ಲ ಹೇಳಿದೆ. ಅಷ್ಟು ಹೊತ್ತೂ ಮಗಳು ಫೋನ್ ಮುಟ್ಟಲಿಲ್ಲ. ನನಗೆ ಬಾಯಾರಿಕೆಯಾಗಿ ಗಂಟಲು ಒಣಗಿತ್ತು. ನೀರಿಗೂ ಎದ್ದಿರಲಿಲ್ಲ.

ಅಲ್ಲಿ ದೇವರ ಪಟ ಇರಲಿಲ್ಲ. ಅಕ್ಷತೆಯನ್ನು ಏನು ಮಾಡಲಿ ಎಂದಳು. ಅವಳ ಲ್ಯಾಪ್‌ಟಾಪಿನಲ್ಲಿ ಚಿತ್ರ ನಿಂತಿತ್ತು, ಹೊಳೆಯ ದಡದ ಆ ಹುಡುಗಿ. ಸ್ವಲ್ಪ ಯೋಚಿಸಿ ಅದರ ಮುಂದೆ ಹಾಕಿದಳು. ಎರಡು ಕಾಳು ಕೀಲಿಮಣೆಯ ಸಂದಿಗೆ ಹೋದವು, ಅವನ್ನು ತೆಗೆಯಲು ಅವಳಪ್ಪ ಬಂದು ಸೂಜಿ ಹುಡುಕಬೇಕಾಯಿತು.

ಮೂರು ವಾರದಲ್ಲಿ ಏನು ಮಾಡಲು ಸಾಧ್ಯವೋ ಅಷ್ಟು ಮಾಡಿದಳು. ಎಂಟು ನಿಮಿಷ ಮೀರುವ ಹಾಗಿರಲಿಲ್ಲ, ಹೊಸದು ಸೇರಿಸಬೇಕೆಂದರೆ ಹಳೆಯದು ಹೋಗಬೇಕು. ಅವಳು ಮಳೆಯನ್ನು ಕತ್ತರಿಸಿದಳು. ಎರಡು ತಿಂಗಳ ಹನಿಗಳಲ್ಲಿ ಉಳಿದದ್ದು ಒಂದಿಷ್ಟೇ. ಇದನ್ನು ಫೋನಿನಲ್ಲಿ ಹೇಳಿದಾಗ, ಬೇಡ ಎನ್ನಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಣ್ಣನ ಭಾಗಕ್ಕೆ ಬಣ್ಣ ಹಾಕಲು ಹೊತ್ತು ಸಾಲಲಿಲ್ಲ, ಬರೀ ಪೆನ್ಸಿಲ್ ಗೆರೆಯಲ್ಲೇ ಬಿಟ್ಟಳು. ಸಂಗೀತದ ಗೆಳತಿ ಆ ಭಾಗಕ್ಕೂ ಏನಾದರೂ ಮಾಡಿಕೊಡುತ್ತೇನೆ ಎಂದಳಂತೆ, ಇವಳೇ ಬೇಡ ಎಂದಳಂತೆ. ಆ ಮೂರು ವಾರ ನಾನು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬಿದೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಹನ್ನೆರಡು ಜನರ ಚಿತ್ರ ತೋರಿಸಿದರು. ಮಗಳದು ಒಂಬತ್ತನೆಯದು. ಎಂಟನೆಯದು ಮುಗಿಯುತ್ತಿದ್ದಂತೆ ಪರ್ಸಿನಿಂದ ಕಾಗದದ ಪೊಟ್ಟಣ ಬಿಚ್ಚಿ ಅಕ್ಷತೆಯನ್ನು ಮುಷ್ಟಿಗೆ ಹಾಕಿಕೊಂಡೆ. ಪಕ್ಕದ ಸೀಟಿನಾಕೆ ನಾನೇನೋ ತಿನ್ನಲು ತೆಗೆದೆನೆಂದು ನೋಡಿದಳು.

ಪೆನ್ಸಿಲಿನ ಭಾಗ ಬಂತು. ಸಂಗೀತ ನಿಂತಿತು. ಅಣ್ಣ ಬಾಗಿಲಲ್ಲಿ ನಿಂತು ತಂಗಿಯ ಸೆರಗು ಸರಿಮಾಡುತ್ತಾನೆ, ಮುಖ ಮಾತ್ರ ಆಚೆ ತಿರುಗಿಸಿದ್ದಾನೆ. ಅಷ್ಟೇ. ನೀಲಿ ಇಲ್ಲ, ರೇಷ್ಮೆ ಇಲ್ಲ. ಸಭಾಂಗಣದಲ್ಲಿ ಯಾರೋ ಕೆಮ್ಮುತ್ತಿದ್ದವರು ಕೆಮ್ಮು ತಡೆದುಕೊಂಡರು. ಆಮೇಲೆ ಹೊಳೆ ಬಂತು, ಆ ಸ್ವಲ್ಪ ಮಳೆ ಬಂತು, ಜನ ಓಡಿದರು, ಹುಡುಗಿ ಕೂತೇ ಇದ್ದಳು. ಈ ಸಲ ಅವಳು ಮನೆಗೆ ಯಾಕೆ ಹೋಗುವುದಿಲ್ಲವೆಂದು ಯಾರೂ ಕೇಳುವ ಹಾಗಿರಲಿಲ್ಲ.

ಬಹುಮಾನ ಬೇರೆಯವರಿಗೆ ಬಂತು. ಅವಳ ಟೀಚರ್ ನಮ್ಮ ಕೈ ಕುಲುಕಿ, ಪೆನ್ಸಿಲು ಮತ್ತು ಬಣ್ಣ ಇನ್ನೂ ಒಂದಕ್ಕೊಂದು ಹೊಂದಿಲ್ಲ, ಆದರೆ ಈಗ ಆ ಹುಡುಗಿ ಯಾರೆಂದು ನನಗೆ ಗೊತ್ತು ಎಂದರು. ಅದನ್ನು ನಾನು ಒಂದು ಬೆರಳು ಮಡಿಸಿ ಇಟ್ಟುಕೊಂಡೆ.

ಹೊರಗೆ ಪಾರ್ಕಿಂಗಿನಲ್ಲಿ ಗಾಳಿ ಜೋರಾಗಿತ್ತು. ಯಜಮಾನರು ಕಾರು ಎಲ್ಲಿ ನಿಲ್ಲಿಸಿದೆವೆಂದು ಮರೆತು ಕೀ ಒತ್ತುತ್ತಾ ಮುಂದೆ ಹೋಗುತ್ತಿದ್ದರು. ಮಗಳು ನನ್ನ ಮುಂದೆ ನಿಂತಳು.

"ಹೇಗಿತ್ತು? ನಿಜ ಹೇಳು."

"ಶಿವ ಪಾರ್ವತಿ ಬಂದಿದ್ದು ಅವಸರ ಆಯ್ತು," ಎಂದೆ. "ಅವರು ಅವಳ ಹತ್ರ ಕೂತು ಮಾತಾಡ್ಬೇಕಿತ್ತು. ನಂಗೆ ಅಣ್ಣ ಇಲ್ಲ ಅಂತ ಅವಳು ಹೇಳೋದೇ ಬರ್ಲಿಲ್ಲ."

ಅವಳ ಮುಖ ಸಣ್ಣದಾಯಿತು. ನಿಂತಲ್ಲೇ ನನ್ನ ಕಾಲು ಒಂದು ಕ್ಷಣ ಹಿಂದೆ ಸರಿಯಿತು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಗೊತ್ತು," ಎಂದಳು. "ಟೈಮ್ ಇರ್ಲಿಲ್ಲ. ಸಮ್ಮರ್‌ನಲ್ಲಿ ಮಾಡ್ತೀನಿ." ಆಮೇಲೆ, "ಎದ್ದು ಹೋದ್ಯಾ ಮಧ್ಯದಲ್ಲಿ?"

ಇಲ್ಲ ಎಂದು ಮುಷ್ಟಿ ತೋರಿಸಿದೆ. ಅವಳಿಗೆ ತಿಳಿಯಿತು, ಸುಮ್ಮನೆ ತಲೆ ಬಗ್ಗಿಸಿದಳು. ಹಾಕಿದೆ. ಅಕ್ಷತೆಯ ಅರ್ಧವನ್ನು ಗಾಳಿ ಎತ್ತಿಕೊಂಡು ಹೋಗಿ ಯಾರದೋ ಬಿಳಿ ಕಾರಿನ ಮೇಲೆ ಸುರಿಯಿತು. ಉಳಿದದ್ದು ಬೆವರಿಗೆ ನನ್ನ ಅಂಗೈಗೇ ಅಂಟಿತ್ತು. ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಬಿಡಿಸಿ ಅವಳ ತಲೆಯ ಮೇಲೆ ಹಾಕಬೇಕಾಯಿತು. ಅಷ್ಟು ಹೊತ್ತೂ ಅವಳು ಬಗ್ಗಿಯೇ ನಿಂತಿದ್ದಳು.